ತನ್ನ ಕೇರಿಗೆ ತಡವಾಗಿ ಬಂದ ಡಂಗುರ

ಹೊತ್ತು ಇನ್ನೂ ಮೂಡಿಲ್ಲ. ಮೈಸೂರಿನ ಬಡಗಣ ಅಂಚಿನಲ್ಲಿ, ಕೆಸರೆಯಾಚೆ ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ, ಹುಣಸೆಮರದ ಕೇರಿಯ ಬಾಯಲ್ಲಿ ಒಂದು ಪುಟ್ಟ ಬೆಂಕಿ ಕಾಣುತ್ತದೆ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ ಚೆಲುವಯ್ಯ ತಮಟೆಯನ್ನು ಬೆಂಕಿಗೆ ಹಿಡಿದು ತಿರುಗಿಸುತ್ತಿದ್ದಾರೆ. ಮಾಗಿಯ ಇಬ್ಬನಿಗೆ ಚರ್ಮ ಸಡಿಲಗೊಂಡಿದೆ; ಕಾಯಿಸದೆ ಬಡಿದರೆ ಸದ್ದು ಏಳುವುದಿಲ್ಲ. ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ, ಸಾಲದು ಅನ್ನಿಸಿದರೆ ಇನ್ನೊಂದು ಹಿಡಿ ತರಗು ಬೆಂಕಿಗೆ ಹಾಕುತ್ತಾರೆ. ಮೈಮೇಲೆ ಮಾಸಿದ ಖಾಕಿ ಕೋಟು, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಕೋಟು ಹೇಗಾದರೂ ಇರಲಿ, ಬಿಲ್ಲೆಯನ್ನು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ಇವತ್ತು ಮಧ್ಯಾಹ್ನದೊಳಗೆ ಬಿಲ್ಲೆ, ಕೋಟು, ತಮಟೆ ಮೂರನ್ನೂ ಕಚೇರಿಗೆ ತಂದೊಪ್ಪಿಸಬೇಕೆಂದು ಹುಕುಂ ಆಗಿದೆ.

ಬೆಂಕಿ ಆರುತ್ತದೆ. ಚೆಲುವಯ್ಯ ಎದ್ದು ನಿಂತು ತಮಟೆಯನ್ನು ಎದೆಗೆ ಆನಿಸಿಕೊಂಡು ಬಡಿಯುತ್ತಾರೆ. ಮೊದಲ ಬಡಿತಕ್ಕೆ ನಾಯಿಗಳು ಏಳುತ್ತವೆ, ಎರಡನೆಯದಕ್ಕೆ ಕೋಳಿಗಳು. ಮೂರನೆಯದಕ್ಕೆ ಮೊದಲ ಗುಡಿಸಲಿನ ತಡಿಕೆ ಸರಿದು ಪುಟ್ಟಬಸಮ್ಮನ ತಲೆ ಹೊರಗೆ ಬರುತ್ತದೆ. ಎರಡು ಕಣ್ಣೂ ಹೋಗಿರುವ ಮುದುಕಿ. ಬಾಗಿಲು ಹಿಡಿದುಕೊಂಡೇ ಕೇಳುತ್ತಾರೆ:

“ಯಾರ್ ಹೋದ್ರಪ್ಪಾ?”

“ಯಾರೂ ಹೋಗಿಲ್ಲ ಕಣವ್ವ. ಡಂಗುರ.”

ಆಮೇಲೆ ಅವರು ಗಂಟಲೆತ್ತಿ ಸಾರುತ್ತಾರೆ. “ಕೇಳ್ರಪ್ಪೋ ಕೇಳಿ! ದೇಶಕ್ಕೆ ಸಂವಿಧಾನ ಬಂದಿದೆ! ಕಾನೂನಿನ ಮುಂದೆ ಎಲ್ಲರೂ ಸಮಾನರು! ಬಾವಿ, ಕೆರೆ, ನಲ್ಲಿ, ರಸ್ತೆ, ಹೋಟೆಲು, ಇವನ್ನು ಬಳಸದಂತೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ!”

ಹತ್ತು ವರ್ಷ ಹಳೆಯ ಸುದ್ದಿ. ನಾಳೆ ಜನವರಿ ಇಪ್ಪತ್ತಾರಕ್ಕೆ ಸರಿಯಾಗಿ ಹತ್ತು ತುಂಬುತ್ತದೆ. ಸಾರುವವರ ಕಸುಬಿನಲ್ಲಿ ಇದಕ್ಕಿಂತ ಹಳಸಿದ ಸುದ್ದಿ ಇರಲಾರದು. ಅರಮನೆಯ ಮುಂದೆ, ಮಾರುಕಟ್ಟೆಯ ಬಾಗಿಲಲ್ಲಿ, ಮಂಡಿ ಮೊಹಲ್ಲಾದ ಸಂದಿಗಳಲ್ಲಿ ಇದೇ ಚೆಲುವಯ್ಯ ಇದೇ ಗಂಟಲಿನಿಂದ ಇದನ್ನು ಆವತ್ತೇ ಸಾರಿ ಮುಗಿಸಿದ್ದರು. ಅವರು ಸಾರದೆ ಉಳಿದದ್ದು ಇದೊಂದೇ ಕೇರಿ, ತಮ್ಮದೇ ಕೇರಿ. ಅದು ಹೇಗೆ ಉಳಿಯಿತು, ಉಳಿದದ್ದರಿಂದ ಏನಾಯಿತು ಎನ್ನುವುದೇ ಈ ಮನುಷ್ಯನ ಕಥೆ. ಹೇಳಿಕೊಳ್ಳಲು ಸಂತೋಷದ ಕಥೆಯೇನಲ್ಲ.

ಚೆಲುವಯ್ಯನ ತಂದೆಯೂ ಸಾರುವವರೇ. ಮಹಾರಾಜರ ಕಾಲದಲ್ಲಿ ಪ್ಲೇಗಿನ ಸೂಜಿಗೆ ಬನ್ನಿ ಎಂದು, ದಸರಾ ಮೆರವಣಿಗೆಯ ದಾರಿ ಬಿಡಿ ಎಂದು ಸಾರಿದವರು. ಒಂದು ಸಲ ಕಂದಾಯ ಬಾಕಿಗೆ ತಮ್ಮ ಸ್ವಂತ ಅಣ್ಣನ ಎತ್ತುಗಳನ್ನು ಜಪ್ತಿ ಮಾಡಿ ಹರಾಜು ಹಾಕುವ ಸುದ್ದಿಯನ್ನೂ ಅವರೇ ಸಾರಬೇಕಾಯಿತು. ಸಾರಿದರು. ಅಣ್ಣ ಸಾಯುವವರೆಗೂ ಮಾತಾಡಿಸಲಿಲ್ಲ. ಮಗನಿಗೆ ತಮಟೆ ಕೈಗೆ ಕೊಡುವಾಗ ಅವರು ಹೇಳಿಕೊಟ್ಟ ಕಸುಬಿನ ಗುಟ್ಟು ಇಷ್ಟೇ: ಸಾರುವ ಮಾತನ್ನು ಹೊಟ್ಟೆಗೆ ಇಳಿಸಬಾರದು. ಕಿವಿಯಲ್ಲಿ ಬಂದದ್ದು ಬಾಯಲ್ಲಿ ಹೋಗಿಬಿಡಬೇಕು.

“ನಮ್ಮಪ್ಪ ಹೇಳ್ದಂಗೇ ನಡ್ಕಂಡೆ ಸ್ವಾಮಿ,” ಎಂದು ಪತ್ರಿಕೆಯಿಂದ ಬಂದ ನಮಗೆ ಹೇಳುತ್ತಾರೆ ಚೆಲುವಯ್ಯ. “ತಮಟೆ ಕಚೇರೀದು. ಮಾತು ಕಚೇರೀದು. ನಂದು ಅಂತ ಇದ್ದುದ್ದು ಗಂಟ್ಲು ಒಂದೇ.”

ಅವರಿಗೆ ಓದು ಬರುವುದಿಲ್ಲ. ಕಚೇರಿಯ ಗುಮಾಸ್ತರು ಹುಕುಮನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ; ಇವರು ಬಾಗಿಲ ಹೊರಗೆ ನಿಂತು ಅದನ್ನು ಅಂದು ಒಪ್ಪಿಸುತ್ತಾರೆ; ತಪ್ಪಿಲ್ಲದಿದ್ದರೆ ಹೊರಡು ಎನ್ನಿಸಿಕೊಂಡು ಹೊರಡುತ್ತಾರೆ. ಆ ಕಚೇರಿಯ ಹೆಸರು ಇಲ್ಲಿ ಬೇಡ. ಒಂದರ ಹೆಸರು ಬರೆದರೆ ಮಿಕ್ಕವೆಲ್ಲ ಸಾಚಾ ಎಂದು ಯಾರಾದರೂ ತಿಳಿದುಕೊಂಡಾರು. ನಲ್ಲಿ ನೀರು ನಿಲ್ಲುವುದು, ಹುಚ್ಚುನಾಯಿ ಹಿಡಿಯುವುದು, ರೇಷನ್ ಸಕ್ಕರೆ ಬಂದಿರುವುದು, ಅಂಗಡಿ ಬಾಡಿಗೆಯ ಹರಾಜು, ಎಲ್ಲವನ್ನೂ ಬೆಳಗಿನಿಂದ ಬಿಸಿಲೇರುವವರೆಗೆ ಬೀದಿ ಬೀದಿ ತಿರುಗಿ ಸಾರುತ್ತಾರೆ. ಸಂಜೆಗೆ ಧ್ವನಿ ಒಡೆದಿರುತ್ತದೆ. ಹೆಂಡತಿ ಬೋರಮ್ಮ ಮೆಣಸಿನ ಕಷಾಯ ಕಾಯಿಸಿಟ್ಟಿರುತ್ತಾರೆ. ಅವರು ಹೊಲದ ಬದುಗಳಲ್ಲಿ ಹುಲ್ಲು ಕೊಯ್ದು ಜಟಕಾ ಸ್ಟ್ಯಾಂಡಿಗೆ ಹೊತ್ತು ಮಾರುವವರು. ಬಾಳಿನ ಮುಕ್ಕಾಲು ಪಾಲು ತಲೆಯ ಮೇಲೆ ಹೊರೆ ಹೊತ್ತೇ ಕಳೆದಿದೆ.

ಸಾರಿಕೆ ಮುಗಿಸಿ ಮನೆಗೆ ಬರುವಾಗ ಚೆಲುವಯ್ಯ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಹುಣಸೆಮರ ಕಂಡ ಕೂಡಲೇ ತಮಟೆಯನ್ನು ತಿರುಗಿಸಿ, ಅದರ ಮುಖವನ್ನು ಮೈಗೆ ಒತ್ತಿ ಹಿಡಿದುಕೊಳ್ಳುತ್ತಿದ್ದರು. ಕೈ ತಗುಲಿಯೂ ಅದು ಸದ್ದು ಮಾಡಬಾರದು. ಯಾಕೆಂದರೆ ಆ ಕೇರಿಯೊಳಗೆ ತಮಟೆ ಎದ್ದರೆ ಒಂದೋ ಮಾರಿಹಬ್ಬ, ಇಲ್ಲವೇ ಹೆಣ. ಹಬ್ಬ ವರ್ಷಕ್ಕೊಮ್ಮೆ, ಹೆಣಕ್ಕೆ ಲೆಕ್ಕವಿಲ್ಲ. ಸಾವಿಲ್ಲದ ದಿನ ತಮಟೆ ಬಡಿದು ಸಾವನ್ನು ಕರೆಯುವವರು ಯಾರು? ಕಚೇರಿಯವರೂ ಆ ಕೇರಿಗೆ ಹೋಗು ಎಂದು ಯಾವತ್ತೂ ಹೇಳಲಿಲ್ಲ. ನಿನ್ನ ಮನೆಯೇ ಅಲ್ಲಿರುವಾಗ ನೀನೇ ಹೇಳಿಕೋ ಎಂಬುದು ಅವರ ಲೆಕ್ಕಾಚಾರ. ದಿನವಿಡೀ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದವರು ಮನೆಯಲ್ಲಿ ಕೂತು ಇನ್ನೊಮ್ಮೆ ಏನನ್ನು ಹೇಳಿಕೊಂಡಾರು? ಹೀಗೆ ಊರಿಗೆಲ್ಲ ತಿಳಿದ ಸುದ್ದಿ ಸಾರುವವನ ಕೇರಿಗೇ ತಿಳಿಯುತ್ತಿರಲಿಲ್ಲ. ಅದರಿಂದ ಯಾರಿಗೂ ಏನೂ ಕೆಟ್ಟಿರಲಿಲ್ಲ. ಸಕ್ಕರೆ ಬಂದರೆ ಕೊಳ್ಳುವ ಶಕ್ತಿಯಿಲ್ಲ, ಹರಾಜಿನಲ್ಲಿ ಕೂಗುವ ಯೋಗ್ಯತೆಯಿಲ್ಲ ಎಂದುಕೊಂಡಿದ್ದ ಜನ.

ಐವತ್ತನೇ ಇಸವಿಯ ಆ ಜನವರಿಯಲ್ಲಿ ಕಚೇರಿಯ ಗುಮಾಸ್ತ ಲಕ್ಷ್ಮೀನರಸಿಂಹಯ್ಯನವರು ಚೆಲುವಯ್ಯನಿಗೆ ಉದ್ದನೆಯ ಹುಕುಂ ಓದಿ ಹೇಳಿದರು. ಅದರಲ್ಲಿ ಇವರ ನಾಲಿಗೆಗೆ ಹತ್ತಿದ್ದು ಎರಡು ವಾಕ್ಯ, ಒಂದು ಸಮಾನತೆಯದು, ಇನ್ನೊಂದು ಬಾವಿ ನಲ್ಲಿಗಳದು. ಅಷ್ಟೇ ಸಾಕು ಹೊರಡು ಎಂದರು ಗುಮಾಸ್ತರು. ಚೆಲುವಯ್ಯ ಹೊರಟರು. ಹೋದಲ್ಲೆಲ್ಲ ಜನ ಸೇರಿದರು, ಕೆಲವರು ಚಪ್ಪಾಳೆ ತಟ್ಟಿದರು. ಬಿಸಿಲೇರಿದ ಮೇಲೆ ಒಂದು ಹೋಟೆಲಿನವರು ಇವರನ್ನು ಕರೆದು, ದೇಶಕ್ಕೆ ಒಳ್ಳೆಯ ಸುದ್ದಿ ತಂದಿದ್ದೀಯ ಎಂದು ಕಾಫಿ ಕೊಟ್ಟರು. ಹೋಟೆಲಿನ ಹಿಂದಿನ ಗೋಡೆಯ ಬಳಿ ಇವರಂಥವರಿಗೆಂದೇ ಇಟ್ಟಿದ್ದ ತೆಂಗಿನ ಚಿಪ್ಪಿಗೆ ಮೇಲಿನಿಂದ ಹುಯ್ದರು. ಇವರು ಕುಡಿದು, ಚಿಪ್ಪು ತೊಳೆದಿಟ್ಟು, ಮುಂದಿನ ಬೀದಿಗೆ ಹೋಗಿ, ಹೋಟೆಲು ಎಲ್ಲರದೂ ಎಂದು ಸಾರಿದರು.

“ಆಗ ಏನೂ ಅನ್ನಿಸ್ನಿಲ್ವಾ?” ಎಂದು ಚೆಲುವಯ್ಯನನ್ನು ಕೇಳುತ್ತೇವೆ. “ಕಾಫಿ ಬಿಸಿಯಾಗಿತ್ತು ಅನ್ನಿಸ್ತು,” ಎನ್ನುತ್ತಾರೆ.

ನಗಬೇಡಿ. ನಾವೇನು ಬೇರೆ ಮಾಡಿದ್ದೇವೆ? ನಮ್ಮ ಮನೆಗಳಲ್ಲಿ ಪಂಚಾಂಗ ಇದೆ, ರೈಲಿನ ವೇಳಾಪಟ್ಟಿ ಇದೆ, ಹೊಲಿಗೆ ಯಂತ್ರದ ಜೊತೆ ಬಂದ ಪುಸ್ತಕವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ದೇಶವನ್ನು ಕಟ್ಟಿದ ಬರಹ ಮಾತ್ರ ವಕೀಲರದು, ದೆಹಲಿಯವರದು. ವರ್ಷಕ್ಕೊಂದು ಬೆಳಿಗ್ಗೆ ಬಾವುಟಕ್ಕೆ ಕೈಮುಗಿದು, ಬೂಂದಿ ತಿಂದು ಮನೆಗೆ ಬರುತ್ತೇವೆ. ಗೊತ್ತಿಲ್ಲದ್ದರಿಂದ ನಮಗೆ ಆಗುವ ನಷ್ಟ ಬಹುಶಃ ಒಂದು ಭಾಷಣ ಅರ್ಥವಾಗದೆ ಹೋಗುವುದಷ್ಟೇ. ಚೆಲುವಯ್ಯನ ಮನೆಯಲ್ಲಿ ಹಾಗಾಗಲಿಲ್ಲ.

ಹುಣಸೆಮರದ ಕೇರಿಗೆ ನೀರೆಂದರೆ ಹಳ್ಳದ ಪಕ್ಕದ ಒಂದು ಗುಂಡಿ. ಬೇಸಿಗೆಯಲ್ಲಿ ಅದು ಬತ್ತಿ ತಳದ ಬಗ್ಗಡ ಉಳಿಯುತ್ತದೆ. ಕೂಗಳತೆಯ ದೂರದಲ್ಲಿ ಹೊಸದಾಗಿ ಎದ್ದ ಮೇಲಿನ ಬೀದಿ. ಅಲ್ಲಿ ಸರ್ಕಾರದ ನಲ್ಲಿ. ನಲ್ಲಿಯಿಂದ ಹತ್ತಾರು ಮಾರು ಈಚೆಗೆ ಒಂದು ಚಪ್ಪಟೆ ಕಲ್ಲಿದೆ. ಕೇರಿಯ ಹೆಂಗಸರು ಆ ಕಲ್ಲಿನ ಈಚೆ ಗಡಿಗೆ ಇಟ್ಟು ಕಾಯಬೇಕು. ಬೀದಿಯವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ತಮ್ಮ ಕೊಡದಿಂದ ಎತ್ತರಕ್ಕೆ ಹಿಡಿದು ಹುಯ್ಯುತ್ತಾರೆ. ಮನಸ್ಸು ಬರದಿದ್ದರೆ ಗುಂಡಿ ಇದ್ದೇ ಇದೆ. ಈ ಪದ್ಧತಿಯನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಕೇರಿಯ ಕೂಸುಗಳಿಗೂ ಬೀದಿಯ ಕೂಸುಗಳಿಗೂ ಅದು ಬಾಯಿಪಾಠವಾಗಿತ್ತು.

ಐವತ್ತೆಂಟರ ಬೇಸಿಗೆಯಲ್ಲಿ ವಾಂತಿಭೇದಿ ಹಬ್ಬಿತು. ಗುಂಡಿಯ ನೀರು ಮುಟ್ಟಬೇಡಿ, ನಲ್ಲಿಯ ನೀರನ್ನೇ ಕುದಿಸಿ ಕುಡಿಯಿರಿ ಎಂಬ ಹುಕುಂ ಹೊರಟಿತು. ಅದನ್ನು ಸಾರುತ್ತ ಚೆಲುವಯ್ಯ ಆ ಬೆಳಿಗ್ಗೆ ಮೇಲಿನ ಬೀದಿಗೆ ಬಂದರು. ಮನೆಯಲ್ಲಿ ಮಗಳು ಸುಮಿತ್ರ ಹಿಂದಿನ ರಾತ್ರಿಯಿಂದ ಮಲಗಿದ್ದಳು. ಇದ್ದವಳೊಬ್ಬಳೇ ಮಗಳು, ಸಂವಿಧಾನ ಸಾರಿದ ದಿನ ಇನ್ನೂ ಜೋಳಿಗೆಯಲ್ಲಿದ್ದ ಕೂಸು. ಬೀದಿಯ ತಿರುವಿಗೆ ಬಂದಾಗ ಕಲ್ಲಿನ ಈಚೆ ಬೋರಮ್ಮ ಗಡಿಗೆಯಿಟ್ಟುಕೊಂಡು ನಿಂತಿರುವುದು ಕಂಡಿತು. ರೋಗದ ಭಯಕ್ಕೆ ಆವತ್ತು ಬೀದಿಯವರು ಯಾರೂ ಹತ್ತಿರ ಬರುತ್ತಿರಲಿಲ್ಲ. ನಲ್ಲಿಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ತಿರುಪು ತಿರುಗಿಸಿದರೆ ನೀರು.

ಚೆಲುವಯ್ಯ ಹೆಂಡತಿಯನ್ನು ನೋಡಿದರು. ಹೆಂಡತಿ ಗಂಡನನ್ನು ನೋಡಿದರು. ಇವರು ತಮಟೆ ಬಡಿದು, “ನಲ್ಲಿಯ ನೀರನ್ನೇ ಕುಡಿಯಿರಿ!” ಎಂದು ಸಾರಿ ಮುಂದಿನ ಬೀದಿಗೆ ನಡೆದುಬಿಟ್ಟರು.

ಬೋರಮ್ಮ ಬಿಸಿಲೇರುವವರೆಗೆ ಕಾದರು. ಆಮೇಲೆ ಗುಂಡಿಗೆ ಹೋಗಿ ಬಗ್ಗಡವನ್ನೇ ಸೆರಗಿನಲ್ಲಿ ಸೋಸಿ ತಂದರು. ಸೌದೆ ಹಸಿ, ನೀರು ಸರಿಯಾಗಿ ಕುದಿಯಲೂ ಇಲ್ಲ. ಬಾಯಾರಿಕೆ ಬಾಯಾರಿಕೆ ಎಂದು ಮಗಳು ಒಂದೇ ಸಮ ಹಲುಬುತ್ತಿದ್ದಳು, ಕುಡಿಸಿದರು. ಮಧ್ಯಾಹ್ನ ಜಟಕಾ ಹತ್ತಿಸಿ ದೊಡ್ಡಾಸ್ಪತ್ರೆಗೆ ಹೊರಟರೆ ದಾರಿಯಲ್ಲೇ ತಣ್ಣಗಾದಳು. ಚೆಲುವಯ್ಯ ಸುದ್ದಿ ತಿಳಿದು ಬಂದದ್ದು ಸಂಜೆಗೆ. ಬರುವಾಗ ಹುಣಸೆಮರದ ಬಳಿ ಅಭ್ಯಾಸದಂತೆ ತಮಟೆಯನ್ನು ಮೈಗೆ ತಿರುಗಿಸಿಕೊಂಡಿದ್ದರು. ಆಮೇಲೆ ಅದನ್ನೇ ಹೊರಕ್ಕೆ ತಿರುಗಿಸಿ ಬಡಿಯಬೇಕಾಯಿತು. ಕೇರಿಯಲ್ಲಿ ಅವರಷ್ಟು ಚೆನ್ನಾಗಿ ಬಡಿಯುವವರು ಬೇರೆ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬೋರಮ್ಮ ಅಳಲಿಲ್ಲ. ಗೋಡೆಗೊರಗಿ ಕೂತು ಒಂದೇ ಮಾತು ಕೇಳಿದರು. ಅದನ್ನು ಈಗಲೂ ಅವರು ಹಾಗೆಯೇ ಹೇಳುತ್ತಾರೆ, ಗಂಡ ಎದುರಿಗೆ ಕೂತಿದ್ದರೂ.

“ನಲ್ಲಿ ನೀರು ಕುಡೀರಿ ಅಂತ ಕೂಗ್ತಿದ್ದಲ್ಲ, ಅದು ಯಾರ್ಗೆ ಅಂದೆ. ಊರ್ಗೆ ಅಂದ. ನಾವು ಊರಲ್ವಾ ಅಂದೆ.”

ಚೆಲುವಯ್ಯನಿಗೆ ಎಂಟು ವರ್ಷದ ಹಿಂದೆ ಬಾಯಿಂದ ಹೊರಗೆ ಹೋಗಿದ್ದ ವಾಕ್ಯ ಆಗ ನೆನಪಾಯಿತು. ಬಾವಿ, ಕೆರೆ, ನಲ್ಲಿ. ಯಾರನ್ನೂ ತಡೆಯುವಂತಿಲ್ಲ. ಸೂತಕ ಕಳೆಯುವ ಮೊದಲೇ ಅವರು ಕಚೇರಿಗೆ ಹೋಗಿ ಲಕ್ಷ್ಮೀನರಸಿಂಹಯ್ಯನವರ ಬಾಗಿಲಲ್ಲಿ ನಿಂತರು.

“ಬುದ್ಧಿ, ಆವತ್ತು ಒಂದು ಮಾತು ಕಲ್ಸಿದ್ರಲ್ಲ, ನಲ್ಲಿ ಬಾವಿ ಅಂತ. ಅದು ಯಾರ್ಗೆ?”

“ಎಲ್ಲರಿಗೂ ಕಣಯ್ಯ.”

“ನಮ್ಗೂವಾ?”

ಗುಮಾಸ್ತರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ನಿಮಗೇ ಕಣಯ್ಯ,” ಎಂದರು. “ನಿಮ್ಮಂಥೋರನ್ನ ತಡೀತಾರೆ ಅಂತಲೇ ಅದನ್ನ ಬರೆದದ್ದು.”

“ಅಂಗಾದ್ರೆ ಆವತ್ತೇ ಯಾಕ್ ಬುದ್ಧಿ ಹೇಳ್ನಿಲ್ಲ?”

“ಊರಿಗೆಲ್ಲ ಸಾರಿದವನು ನೀನೇ. ನಿನಗೆ ಗೊತ್ತಿಲ್ಲ ಅಂತ ನನಗೇನು ಕನಸು ಬೀಳ್ತದೆಯೇ?”

ಲಕ್ಷ್ಮೀನರಸಿಂಹಯ್ಯನವರು ಕೆಟ್ಟವರಲ್ಲ. ಈ ಮಾತನ್ನು ನಮ್ಮ ಮುಂದೆಯೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಓದಿ ಹೇಳುವವರು ಕೇಳುವವನಿಗೆ ಗೊತ್ತಿದೆ ಎಂದುಕೊಂಡರು, ಕೇಳುವವನು ಇದು ತನ್ನದಲ್ಲ ಎಂದುಕೊಂಡ, ನಡುವೆ ಒಂದು ಹೆಣ್ಣುಮಗು ಹೋಯಿತು.

ಆಮೇಲಿನ ಭಾನುವಾರ ಬೆಳಗಿನ ಜಾವ ಚೆಲುವಯ್ಯ ತಮಟೆ ಕಾಯಿಸಿ ಮೊದಲ ಸಲ ತಮ್ಮ ಕೇರಿಯಲ್ಲಿ ಡಂಗುರ ಸಾರಿದರು. ಇಡೀ ಕೇರಿ ಎದೆ ಬಡಿದುಕೊಂಡು ಎದ್ದು ಬಂತು. ಯಾರು ಹೋದರು, ಯಾರ ಮನೆಯಲ್ಲಿ ಎಂದು ಹೆಂಗಸರು ಅಳಲಿಕ್ಕೂ ಶುರು ಮಾಡಿದ್ದರು. ಯಾರೂ ಸತ್ತಿಲ್ಲ ಎಂದು ತಿಳಿದ ಮೇಲೆ ಅಳು ಬೈಗುಳವಾಯಿತು. ಮಗಳನ್ನು ಕಳೆದುಕೊಂಡು ತಲೆ ಕೆಟ್ಟಿದೆ ಎಂದರು. ಕೇರಿಯ ಯಜಮಾನ ಚಾಮಯ್ಯ ತಮಟೆ ಬಡಿಯುವ ಕಡ್ಡಿಯನ್ನೇ ಕಿತ್ತುಕೊಂಡರು. ಮುಂದಿನ ಭಾನುವಾರ ಚೆಲುವಯ್ಯ ಬೇರೆ ಕಡ್ಡಿ ಮಾಡಿಕೊಂಡು ಬಂದರು. ಹೀಗೆ ಒಂದೂಮುಕ್ಕಾಲು ವರ್ಷದಿಂದ ನಡೆದಿದೆ. ಈಗ ಬೈಯುವುದನ್ನು ಬಿಟ್ಟಿದ್ದಾರೆ. ಪುಟ್ಟಬಸಮ್ಮ ಒಬ್ಬರು ಮಾತ್ರ ಪ್ರತಿ ಸಲವೂ ಯಾರು ಹೋದರೆಂದು ಕೇಳುತ್ತಾರೆ.

ಬೋರಮ್ಮ ಮೊದಲ ಸಲ ಕಲ್ಲು ದಾಟಿ ಹೋದಾಗ ಗಡಿಗೆ ಒಡೆಯಿತು. ಎಸೆದವರು ಯಾರೆಂದು ಗೊತ್ತಾಗಲಿಲ್ಲ, ಬೀದಿಯಲ್ಲಿ ಎಲ್ಲರೂ ಬೆನ್ನು ತಿರುಗಿಸಿಕೊಂಡಿದ್ದರು. ಎರಡನೇ ಸಲ ನಲ್ಲಿಯ ತಿರುಪನ್ನೇ ಯಾರೋ ಕಿತ್ತಿದ್ದರು. ಕಚೇರಿಯವರು ಬಂದು ಹಾಕಿಸುವಷ್ಟರಲ್ಲಿ ತಿಂಗಳಾಯಿತು. ಮೂರನೇ ಸಲ ಬೋರಮ್ಮನ ಹುಲ್ಲನ್ನಷ್ಟೇ ಅಲ್ಲ, ಕೇರಿಯ ಯಾರ ಹುಲ್ಲನ್ನೂ ಕೊಳ್ಳಬಾರದೆಂದು ಜಟಕಾದವರಿಗೆ ಹೇಳಿಕೆ ಹೋಯಿತು. ಹಸಿವು ಬಂದ ಮೇಲೆ ಕೇರಿಯವರೇ ಬೇಡ ತಾಯಿ ಎಂದು ಕಾಲು ಹಿಡಿದರು. ಚೆಲುವಯ್ಯ ಪೊಲೀಸರ ಹತ್ತಿರವೂ ಹೋದರು. ಅಲ್ಲಿದ್ದವರು ಕಾನೂನು ಇದೆ, ಹೌದು, ಆದರೆ ಗಲಾಟೆ ಯಾಕೆ ಎಂದರು.

ಕಡೆಗೆ ಕಚೇರಿಯಿಂದ ಒಂದು ರಾಜಿಯ ಮಾತು ಬಂತು. ಕೇರಿಗೇ ಪ್ರತ್ಯೇಕವಾಗಿ ಒಂದು ನಲ್ಲಿ ಹಾಕಿಸುತ್ತಾರೆ, ಚೆಲುವಯ್ಯ ಹುಕುಮಿಲ್ಲದೆ ಕಚೇರಿಯ ತಮಟೆ ಬಡಿಯುವುದನ್ನು ನಿಲ್ಲಿಸಬೇಕು. ಚಾಮಯ್ಯನಿಗೆ ಸಂತೋಷವಾಯಿತು. ಯಾರಿಗೆ ಆಗುವುದಿಲ್ಲ?

“ನೀರು ಬಂದ್ರೆ ಸಾಕಲ್ವೇನೋ ಚೆಲುವ. ಯಾವ ನಲ್ಲೀಲಿ ಬಂದ್ರೆ ಏನು?” ಎಂದು ಅವರು ಹುಣಸೆಮರದ ಕೆಳಗೆ ಎಲ್ಲರ ಮುಂದೆ ಕೇಳಿದರು.

“ಹಾಕ್ಸಲಿ ಕಣಣ್ಣ, ಬ್ಯಾಡ ಅನ್ನಲ್ಲ,” ಎಂದರು ಚೆಲುವಯ್ಯ. “ಆದ್ರೆ ಅದು ಬಂದ ದಿವ್ಸ ಆ ಕಲ್ಲು ಅಲ್ಲೇ ಕಾಯಮ್ಮಾಯ್ತದೆ. ನಾಳೆ ಆಸ್ಪತ್ರೆ ಬಾಗ್ಲಲ್ಲೂ ಒಂದು ಕಲ್ಲು, ಇಸ್ಕೂಲ್ ಬಾಗ್ಲಲ್ಲೂ ಒಂದು ಕಲ್ಲು. ಎಷ್ಟು ಕಡೆ ಅಂತ ಬ್ಯಾರೆ ನಲ್ಲಿ ಹಾಕ್ಸದು?”

ಆ ಸಭೆ ಜಗಳದಲ್ಲಿ ಮುಗಿಯಿತು. ಮಗಳ ಸಾವಿಗೆ ಕೇರಿಯ ನೀರು ತಪ್ಪಿಸುತ್ತಿದ್ದೀಯ ಎಂದು ಯಾರೋ ಅಂದುಬಿಟ್ಟರು. ಚೆಲುವಯ್ಯ ಆ ವಾರ ಊಟ ಮಾಡಲಿಲ್ಲವಂತೆ. ಆದರೆ ಭಾನುವಾರ ಸಾರುವುದನ್ನು ಬಿಡಲಿಲ್ಲ. ಪ್ರತ್ಯೇಕ ನಲ್ಲಿಯೂ ಬರಲಿಲ್ಲ, ಕೆಲಸದಿಂದ ತೆಗೆದಿದೆ ಎಂಬ ಹುಕುಂ ಬಂತು. ಅದನ್ನು ಓದಿ ಹೇಳಿದವರೂ ಲಕ್ಷ್ಮೀನರಸಿಂಹಯ್ಯನವರೇ.

ಇವತ್ತು ಸೋಮವಾರವಾದರೂ ಚೆಲುವಯ್ಯ ಸಾರುತ್ತಿರುವುದು ಅದಕ್ಕೇ. ತಮಟೆ ಕೈಯಲ್ಲಿರುವ ಕಡೆಯ ಬೆಳಗು. ಸಾರಿ ಮುಗಿಸುವ ಹೊತ್ತಿಗೆ ಮೂಡಲು ಕೆಂಪಾಗುತ್ತದೆ, ದೂರದಲ್ಲಿ ಚಾಮುಂಡಿ ಬೆಟ್ಟದ ದೀಪಗಳು ಮಂಕಾಗುತ್ತವೆ. ಬೋರಮ್ಮ ಗುಡಿಸಲಿನಿಂದ ಹೊಸ ಗಡಿಗೆಯೊಂದನ್ನು ಸೊಂಟಕ್ಕೇರಿಸಿಕೊಂಡು ಬರುತ್ತಾರೆ. ಕೇರಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡುತ್ತಾರೆ. ಯಾರೂ ಜೊತೆಗೆ ಹೊರಡುವುದಿಲ್ಲ. ಕಡೆಗೆ ಒಬ್ಬ ಬಸುರಿ ಹುಡುಗಿ ಬರಿಗೈಯಲ್ಲೇ ಹಿಂದೆ ನಡೆಯುತ್ತಾಳೆ, ಅತ್ತೆ ಕರೆದರೂ ತಿರುಗುವುದಿಲ್ಲ. ಚೆಲುವಯ್ಯ ತಮಟೆಯನ್ನು ಮೈಗೆ ತಿರುಗಿಸಿಕೊಳ್ಳದೆ, ಮುಖ ಹೊರಗೆ ಮಾಡಿಕೊಂಡೇ ಅವರ ಹಿಂದೆ ಹೋಗುತ್ತಾರೆ.

ಮೇಲಿನ ಬೀದಿಯ ನಲ್ಲಿಯ ಹತ್ತಿರ ನಾಲ್ಕಾರು ಹೆಂಗಸರು ಇದ್ದಾರೆ. ಎಲ್ಲರಿಗಿಂತ ಹಿರಿಯರು ಮಂಗಳಮ್ಮ. ಹಳ್ಳಿಯ ಹೊಲ ಮಾರಿ ಬಂದು ಇಲ್ಲಿ ಮನೆ ಕಟ್ಟಿಸಿಕೊಂಡ ಕುಟುಂಬದವರು. ಬೋರಮ್ಮ ಕಲ್ಲು ದಾಟುತ್ತಾರೆ. ಹೆಂಗಸರು ತಮ್ಮ ಕೊಡಗಳನ್ನು ಎತ್ತಿಕೊಂಡು ಹಿಂದೆ ಸರಿಯುತ್ತಾರೆ. ತಿರುಪು ಗಟ್ಟಿಯಾಗಿದೆ, ಬೋರಮ್ಮ ಎರಡೂ ಕೈ ಹಾಕಿ ತಿರುಗಿಸುತ್ತಾರೆ. ನೀರು ಬೀಳುವ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ಯಾರೂ ಕಲ್ಲೆಸೆಯುವುದಿಲ್ಲ. ಗಡಿಗೆ ತುಂಬುತ್ತದೆ.

ಖುಷಿಪಡುವ ಹಾಗಿಲ್ಲ. ಪತ್ರಿಕೆಯವರು ಬಂದಿದ್ದಾರೆಂದು ಬೀದಿಗೆ ಮೊದಲೇ ಗೊತ್ತು. ಮಂಗಳಮ್ಮ ಸೆರಗು ಸರಿಮಾಡಿಕೊಂಡು ಹೇಳುತ್ತಾರೆ, “ನಾವು ಯಾವತ್ತೂ ನೀರಿಲ್ಲ ಅಂದೋರಲ್ಲಪ್ಪ. ನಾವೇ ಹುಯ್ತಿದ್ವಿ. ಮುಟ್ಟೋದೊಂದು ಬ್ಯಾಡ ಅಷ್ಟೇ.”

ಹತ್ತು ವರ್ಷದ ಹಿಂದಿನ ಡಂಗುರವನ್ನು ಅವರು ಕೇಳಿರಲಿಲ್ಲವೇ? ಆಗ ಮಂಡಿ ಮೊಹಲ್ಲಾದಲ್ಲಿ ಬಾಡಿಗೆಗಿದ್ದರು.

“ಕೇಳಿದ್ದೆ ಕಣ್ರೀ, ಯಾಕೆ ಸುಳ್ಳು ಹೇಳ್ಲಿ? ಇದೇ ಚೆಲುವ ನಮ್ಮ ಬಾಗ್ಲಲ್ಲೇ ನಿಂತು ಸಾರ್ದ, ನಲ್ಲಿ ಎಲ್ಲಾರ್ದು ಅಂತ. ಸಾರಿ ಮುಗ್ಸಿ, ಜಗಲಿಯಿಂದ ದೂರ ನಿಂತ್ಕಂಡು, ಅವ್ವಾ ಬೊಗಸೆಗೆ ಒಂಚೂರು ನೀರು ಹುಯ್ಯಿ ಅಂದ. ಸಾರ್ದೋನೇ ಅಂಗೆ ನಿಂತ ಮೇಲೆ, ಇದು ಬರೀ ಬಾಯಿಮಾತು ಅನ್ಕಂಡೆ.”

ಚೆಲುವಯ್ಯ ಅದನ್ನು ಕೇಳಿಸಿಕೊಳ್ಳುತ್ತಾರೆ. ಮುಖ ಒಂದು ಗಳಿಗೆ ಕಪ್ಪಿಡುತ್ತದೆ. ಆ ಹೆಂಗಸು ಅಂದದ್ದು ಪೂರ್ತಿ ನಿಜ. ಬೋರಮ್ಮ ಗಡಿಗೆ ಎತ್ತಿ ತಲೆಗಿಟ್ಟುಕೊಳ್ಳುತ್ತಾರೆ. ನಾವು ಬೀದಿ ದಾಟುವ ಮುಂಚೆಯೇ ಹಿಂದಿನಿಂದ ಇನ್ನೊಂದು ದನಿ, ಅಷ್ಟೇನೂ ಮೆಲ್ಲಗಲ್ಲ, ಕೇಳಿಸುತ್ತದೆ: “ಪೇಪರಿನೋರು ಹೋಗ್ಲಿ ತಡೀರಿ, ಆಮೇಲೈತೆ.”

ಗುಡಿಸಲಲ್ಲಿ ಗಡಿಗೆ ಇಳಿಸಿ ಬೋರಮ್ಮ ಮೊದಲ ಲೋಟ ನೀರನ್ನು ಗಂಡನ ಕೈಗೆ ಕೊಡುತ್ತಾರೆ. ಚೆಲುವಯ್ಯ ಲೋಟ ಹಿಡಿದುಕೊಂಡು ಕೂತೇ ಇರುತ್ತಾರೆ. “ಇಷ್ಟೇ ನೀರು ಸಾಕಾಗಿತ್ತು,” ಎನ್ನುತ್ತಾರೆ ಬೋರಮ್ಮ. ಅಲ್ಲಿಂದ ಮುಂದೆ ಆ ಮನೆಯಲ್ಲಿ ನಮಗೆ ಕೂರಲಾಗಲಿಲ್ಲ.

ಮಧ್ಯಾಹ್ನ ಕಚೇರಿಯಲ್ಲಿ ಚೆಲುವಯ್ಯ ಕೋಟು ಬಿಚ್ಚಿ ಮಡಿಸಿ, ಅದರ ಮೇಲೆ ಬಿಲ್ಲೆಯಿಟ್ಟು, ತಮಟೆಯನ್ನು ಮಾತ್ರ ನೆಲಕ್ಕಿಡದೆ ಕೈಯಲ್ಲೇ ಹಿಡಿದಿರುತ್ತಾರೆ. ಲಕ್ಷ್ಮೀನರಸಿಂಹಯ್ಯನವರು ಕುರ್ಚಿಯಿಂದ ಎದ್ದು ಬಂದು ತಾವೇ ತೆಗೆದುಕೊಳ್ಳುತ್ತಾರೆ. ಇವರಿಬ್ಬರ ಕೈ ಒಂದೇ ವಸ್ತುವನ್ನು ಒಟ್ಟಿಗೆ ಹಿಡಿದದ್ದು ಬಹುಶಃ ಇದೇ ಮೊದಲು.

“ಒಂದ್ ಮಾತು ನಡ್ಸಿಕೊಡಿ ಬುದ್ಧಿ,” ಎನ್ನುತ್ತಾರೆ ಚೆಲುವಯ್ಯ. “ನಾಳೆ ನನ್ ಜಾಗಕ್ಕೆ ಯಾರಾನ ಬಂದ್ರೆ, ಮಾತು ಕಲ್ಸಕ್ಕೆ ಮುಂಚೆ, ಇದು ನಿಂಗೂ ಸೇರ್ತದೆ ಕಣಪ್ಪ ಅಂತ ಹೇಳ್ಬುಡಿ. ಅವ್ನ ಕೇರಿಗೂ ಕಳ್ಸಿ.”

“ಇನ್ನು ಯಾರೂ ಬರೋದಿಲ್ಲ ಚೆಲುವಯ್ಯ. ಮೈಕಿನ ಜೀಪು ಬಂತು.”

“ಜೀಪು ನಮ್ ಕೇರಿಗೆ ಬತ್ತದಾ?”

ಗುಮಾಸ್ತರು ಕಿಟಕಿಯ ಕಡೆ ನೋಡುತ್ತಾರೆ. ಹುಣಸೆಮರದ ಕೇರಿಯ ದಾರಿಯಲ್ಲಿ ಎತ್ತಿನಗಾಡಿ ನುಗ್ಗುವುದೇ ಕಷ್ಟ.

ಮಾರನೆಯ ದಿನ, ಇಪ್ಪತ್ತಾರನೇ ತಾರೀಖು. ಊರಿನ ಕಡೆಯಿಂದ ಮೈಕಿನ ಸದ್ದು ಗಾಳಿಯಲ್ಲಿ ತೇಲಿ ಬರುತ್ತಿದೆ, ಮಾತು ತಿಳಿಯುವುದಿಲ್ಲ. ಮೇಲಿನ ಬೀದಿಯ ನಲ್ಲಿಗೆ ರಾತ್ರಿಯೇ ತಿರುಪು ಇಲ್ಲವಾಗಿದೆ. ಆ ಸುದ್ದಿ ಕೇರಿಗೆ ಡಂಗುರವಿಲ್ಲದೆಯೇ ತಲುಪಿದೆ. ಹುಣಸೆಮರದ ಕೆಳಗೆ ಇವತ್ತು ಬೆಂಕಿಯಿಲ್ಲ, ಕಾಯಿಸಲು ಏನೂ ಇಲ್ಲ. ಹಳೆಯ ಕಂಬಳಿ ಹೊದ್ದ ಚೆಲುವಯ್ಯ ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಬರಿಗಂಟಲಿನಲ್ಲಿ, ಅವೇ ಎರಡು ವಾಕ್ಯಗಳನ್ನು ಸಾರುತ್ತಾರೆ. ಬಾಗಿಲಲ್ಲಿ ಬೋರಮ್ಮ ಖಾಲಿ ಗಡಿಗೆ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ನಿನ್ನೆಯ ಬಸುರಿ ಹುಡುಗಿ, ಅವಳ ಸೊಂಟದಲ್ಲೂ ಒಂದು ಗಡಿಗೆ. ತಿರುಪಿಲ್ಲದ ನಲ್ಲಿಗೇ ಹೊರಟಿದ್ದಾರೆ.

ಮೊದಲ ಗುಡಿಸಲಿನ ತಡಿಕೆ ಸರಿಯುತ್ತದೆ.

“ಯಾರಪ್ಪ ಕೂಗ್ತಿರದು? ಚೆಲುವನಾ?” ಪುಟ್ಟಬಸಮ್ಮ ಕಾಣದ ಕಣ್ಣುಗಳನ್ನು ಮರದ ಕಡೆಗೆ ತಿರುಗಿಸಿ ಕೇಳುತ್ತಾರೆ. “ತಮಟೆ ಎಲ್ಲೋ?”

“ತಮಟೆ ಅವರ್ದು ಕಣವ್ವ, ಈಸ್ಕಂಡ್ರು,” ಎನ್ನುತ್ತಾರೆ ಚೆಲುವಯ್ಯ. “ಮಾತು ನಮ್ದು.”